ಗುಬ್ಬಿಗಿಟ್ಟ ಕಾಳು ಅಳಿಲಿನ ಪಾಲಾಗದಂತೆ

‘ಸ್ಕ್ವಿರಲ್ ಪ್ರೂಫ್’ ಎಂದು ಬರೆದಿರುವ ಹಕ್ಕಿ ಫೀಡರ್ ಕೊಂಡು ತಂದು ಹಿತ್ತಲಲ್ಲಿ ತೂಗುಹಾಕಿದ ಎರಡೇ ದಿನಕ್ಕೆ ಅದರೊಳಗೆ ಅಳಿಲು ಕೂತಿರುವುದನ್ನು ಕಂಡವರು ಬಹಳ ಜನ. ಫೀಡರ್ ಕಳಪೆ ಎಂದೇನೂ ಅಲ್ಲ. ಅದನ್ನು ಬೇರೊಂದು ಅಳಿಲಿಗಾಗಿ ಮಾಡಿದ್ದಾರೆ. ಮಾರುಕಟ್ಟೆಯಲ್ಲಿರುವ ಈ ಬಗೆಯ ಫೀಡರ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಬೂದು ಅಳಿಲನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದಂಥವು. ಆ ಅಳಿಲಿನ ತೂಕ 400ರಿಂದ 600 ಗ್ರಾಂ. ನಮ್ಮ ಬೆನ್ನಪಟ್ಟೆಯ ಅಳಿಲು ಬೆಳೆದು ನಿಂತರೂ ಸುಮಾರು 100 ಗ್ರಾಂ ಅಷ್ಟೇ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಯಾವ ಉಪಾಯ ಇಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಅಳಿಲು ತಡೆಯುವ ಫೀಡರ್‌ಗಳು ಮುಖ್ಯವಾಗಿ ಎರಡು ಬಗೆ. ಒಂದು ತೂಕದ್ದು: ಕೂರುವ ಕಡ್ಡಿಯ ಮೇಲೆ ಭಾರ ಬಿದ್ದರೆ ಸ್ಪ್ರಿಂಗ್ ಇಳಿದು ಕಾಳಿನ ಕಿಂಡಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಪಂಜರದ್ದು: ಕಾಳಿನ ಕೊಳವೆಯ ಸುತ್ತ ತಂತಿಯ ಜಾಲರಿ, ಸಣ್ಣ ಹಕ್ಕಿ ಒಳಗೆ ಹೋಗುತ್ತದೆ, ದಪ್ಪ ಅಳಿಲು ಹೊರಗೇ ಉಳಿಯುತ್ತದೆ. ಈಗ ನಮ್ಮಲ್ಲಿನ ತೂಕಗಳನ್ನು ನೋಡಿ. ಗುಬ್ಬಚ್ಚಿ ಸುಮಾರು 25 ಗ್ರಾಂ, ರಾಟವಾಳ ಅದರ ಅರ್ಧ, ಪಿಕಳಾರ 40ರ ಆಸುಪಾಸು. ಗೊರವಂಕ ಸುಮಾರು 110 ಗ್ರಾಂ, ಗಿಳಿ ಅದಕ್ಕಿಂತ ತುಸು ಹೆಚ್ಚು. ಅಂದರೆ ಗೊರವಂಕಕ್ಕೆ ತೆರೆದಿರುವ ತೂಕದ ಫೀಡರ್ ಅಳಿಲಿಗೂ ತೆರೆದೇ ಇರುತ್ತದೆ. ಅರ್ಧ ಕೆಜಿ ಪ್ರಾಣಿಗೆಂದು ಬಿಗಿದ ಸ್ಪ್ರಿಂಗ್ ನೂರು ಗ್ರಾಮಿಗೆ ಅಲುಗುವುದೂ ಇಲ್ಲ. ಸ್ಪ್ರಿಂಗ್ ಸಡಿಲಿಸಲು ತಿರುಪು ಇರುವ ಮಾದರಿಯಾದರೆ 80 ಗ್ರಾಂ ಕಲ್ಲನ್ನು ಕಡ್ಡಿಗೆ ಕಟ್ಟಿ, ಕಿಂಡಿ ಪೂರ್ತಿ ಮುಚ್ಚುತ್ತದೆಯೇ ನೋಡಿ. ಮುಚ್ಚಿದರೆ ಗುಬ್ಬಿ, ರಾಟವಾಳಗಳಿಗೆ ಮಾತ್ರ ಅದು ಸರಿ. ಆದರೆ ಅಷ್ಟು ಹಗುರಕ್ಕೆ ಹೊಂದಿಸಿದ ಫೀಡರ್‌ನಲ್ಲಿ ನಾಲ್ಕು ಗುಬ್ಬಿ ಒಟ್ಟಿಗೆ ಕೂತರೂ ಬಾಗಿಲು ಮುಚ್ಚುತ್ತದೆ. ಗುಬ್ಬಿಗಳು ಒಂಟಿಯಾಗಿ ಬರುವುದು ಅಪರೂಪ.

ಪಂಜರದ ಕತೆಯೂ ಅಷ್ಟೇ. ಗುಬ್ಬಿ ನುಸುಳಬೇಕಾದರೆ 32 ಮಿಲಿಮೀಟರ್ ಕಿಂಡಿ ಬೇಕು. ಗುಬ್ಬಿ ಗೂಡಿನ ಪೆಟ್ಟಿಗೆಗೆ ಕೊರೆಯುವ ತೂತಿನ ಅಳತೆಯೂ ಅದೇ. ಆ ಪೆಟ್ಟಿಗೆಗಳಲ್ಲಿ ಅಳಿಲು ನಾರು ತುಂಬಿ ಮನೆ ಮಾಡಿಕೊಂಡಿರುವುದನ್ನು ನೋಡಿದವರಿಗೆ, ಗುಬ್ಬಿ ಹೋಗುವ ದಾರಿಯಲ್ಲಿ ಅಳಿಲೂ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹಾಗೆಂದು ಜಾಲರಿಯನ್ನು ಎಸೆಯಬೇಡಿ. ಎರಡು ಇಂಚು ಚೌಕದ ವೆಲ್ಡ್ ಮೆಶ್ ಪಾರಿವಾಳ, ಕಾಗೆಗಳನ್ನು ಚೆನ್ನಾಗಿ ತಡೆಯುತ್ತದೆ. ಊರೊಳಗೆ ಕಾಳು ಖಾಲಿ ಮಾಡುವುದರಲ್ಲಿ ಪಾರಿವಾಳ ಅಳಿಲಿಗಿಂತ ಮುಂದು. ಜಾಲರಿ ಇರುವುದು ಪಾರಿವಾಳಕ್ಕೆ. ಅಳಿಲಿಗೆ ಬೇರೆ ದಾರಿ ಬೇಕು.

ಆ ದಾರಿ ಎಂದರೆ ಅಂತರ, ಜಾರುವ ಮೇಲ್ಮೈ ಮತ್ತು ಕಾಳಿನ ಆಯ್ಕೆ. ಅಳಿಲಿನ ಗಾತ್ರ, ತೂಕ ಎಷ್ಟೇ ಇರಲಿ, ಇವು ಕೆಲಸ ಮಾಡುತ್ತವೆ.

ಮೊದಲು ಕಾಳು

ಕಡಲೆಕಾಯಿ ಬೀಜ, ಸೂರ್ಯಕಾಂತಿ, ಒಡೆದ ಜೋಳ, ತೆಂಗಿನ ಚೂರು ಇಟ್ಟರೆ ಅಳಿಲು ಬಂದೇ ಬರುತ್ತದೆ. ಎಣ್ಣೆಯಂಶ ಹೆಚ್ಚಿರುವ, ಕೈಯಲ್ಲಿ ಹಿಡಿದು ಕಡಿಯಬಹುದಾದ ದಪ್ಪ ಕಾಳೆಂದರೆ ಅದಕ್ಕೆ ಪ್ರೀತಿ. ಸೂರ್ಯಕಾಂತಿಗೆ ಗಿಳಿಗಳೂ ಗುಂಪಾಗಿ ಬರುತ್ತವೆ. ಗುಬ್ಬಿ, ರಾಟವಾಳ, ಬೆಳವಗಳಿಗೆ ಇವು ಯಾವುವೂ ಬೇಕಿಲ್ಲ. ಅವು ಹುಲ್ಲಿನ ಬೀಜ ತಿನ್ನುವ ಹಕ್ಕಿಗಳು. ನವಣೆ, ಸಾಮೆ, ಬರಗು, ಸಜ್ಜೆಗಳೇ ಅವುಗಳ ಊಟ. ಸಣ್ಣ ಸಿರಿಧಾನ್ಯವನ್ನು ಅಳಿಲು ಮುಟ್ಟುವುದೇ ಇಲ್ಲ ಎಂದಲ್ಲ, ಬೇರೇನೂ ಸಿಗದಾಗ ತಿನ್ನುತ್ತದೆ. ಆದರೆ ಒಂದೊಂದೇ ಪುಟ್ಟ ಕಾಳು ಹೆಕ್ಕಿ ಸಿಪ್ಪೆ ಬಿಡಿಸಿ ಹೊಟ್ಟೆ ತುಂಬಿಸಿಕೊಳ್ಳುವುದು ಅದಕ್ಕೆ ಲಾಭದ ಕೆಲಸವಲ್ಲ. ಹತ್ತಿರದಲ್ಲಿ ಸೀಬೆ ಮರವೋ ತೆಂಗೋ ಇದ್ದರೆ ಅಲ್ಲಿಗೇ ಹೋಗುತ್ತದೆ.

ಒಳ್ಳೆಯ ಮಿಶ್ರಣ ಹೀಗಿರಲಿ: ಎರಡು ಪಾವು ನವಣೆ, ಒಂದು ಪಾವು ಸಾಮೆ ಅಥವಾ ಬರಗು, ಒಂದು ಪಾವು ಸಜ್ಜೆ, ಒಂದು ಪಾವು ಅಕ್ಕಿ ನುಚ್ಚು. ಅಂಗಡಿಯಲ್ಲಿ ಅಡುಗೆಗೆಂದು ಮಾರುವ ನವಣೆ ಅಕ್ಕಿ, ಸಾಮೆ ಅಕ್ಕಿ ಸಿಪ್ಪೆ ತೆಗೆದಂಥವು; ಬೇಗ ಹುಳ ಹಿಡಿಯುತ್ತವೆ, ತೇವ ತಗುಲಿದರೆ ಬೂಷ್ಟು ಬರುತ್ತದೆ. ಹಕ್ಕಿಗೆ ಸಿಪ್ಪೆ ಸಮೇತ ಇರುವುದನ್ನೇ ಕೇಳಿ ತನ್ನಿ. ಸಾಕುಹಕ್ಕಿ ಸಾಮಾನಿನ ಅಂಗಡಿಯಲ್ಲಿ, ಇಲ್ಲವೇ ಬೆಳೆಯುವ ರೈತರಲ್ಲಿ ಸಿಗುತ್ತದೆ. ಸಿಪ್ಪೆ ಬಿಡಿಸುವುದು ಆ ಕೊಕ್ಕುಗಳ ದಿನದ ಕೆಲಸ. ಆದರೆ ಇದರಿಂದ ಒಂದು ಮೋಸವೂ ಆಗುತ್ತದೆ: ಹಕ್ಕಿಗಳು ತಿಂದು ಬಿಟ್ಟ ಹೊಟ್ಟು ಬಟ್ಟಲಲ್ಲೇ ಉಳಿದು, ಕಾಳು ಇನ್ನೂ ತುಂಬಿರುವಂತೆ ಕಾಣುತ್ತದೆ. ದಿನಾ ಒಮ್ಮೆ ಬಟ್ಟಲನ್ನು ಕೇರಿ ಹೊಟ್ಟು ಹಾರಿಸಿ.

ಉತ್ತರ ಕರ್ನಾಟಕದವರಿಗೆ ಕುಸುಬೆ ನೆನಪಾಗಬಹುದು. ಅಮೆರಿಕದಲ್ಲಿ ಅಳಿಲಿನ ಕಾಟ ತಪ್ಪಿಸಲು ಕುಸುಬೆ ಬೀಜ ಇಡುವ ರೂಢಿಯಿದೆ. ಅಲ್ಲಿನ ಬೂದು ಅಳಿಲಿಗೆ ಅದರ ಕಹಿ ಹಿಡಿಸುವುದಿಲ್ಲ. ಇಲ್ಲಿ ಅದನ್ನೇ ಇಟ್ಟರೆ ಮೊದಲು ಬರುವುದು ಗಿಳಿಗಳ ಹಿಂಡು. ಕುಸುಬೆ ಹೊಲ ಕಾದವರಿಗೆ ಅದು ಗೊತ್ತು. ಗುಬ್ಬಿಗಂತೂ ಆ ಬೀಜ ದೊಡ್ಡದಾಯಿತು.

ಬ್ರೆಡ್ಡು, ಬಿಸ್ಕತ್ತು, ಖಾರ ಮಿಕ್ಸ್ಚರ್, ಒಗ್ಗರಣೆ ಹಾಕಿದ ಅನ್ನ ಬೇಡ. ಉಪ್ಪನ್ನು ಹೊರಹಾಕುವ ಶಕ್ತಿ ಸಣ್ಣ ಹಕ್ಕಿಯ ಮೂತ್ರಪಿಂಡಕ್ಕೆ ಕಡಿಮೆ. ಹಾಲು ಜೀರ್ಣವಾಗುವುದಿಲ್ಲ. ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ; ಅದರಲ್ಲಿರುವ ಪರ್ಸಿನ್ ಎಂಬ ಅಂಶ ಅವುಗಳ ಹೃದಯಕ್ಕೆ ಹಾನಿ ಮಾಡುತ್ತದೆ. ಕೊಡಗಿನ ಕಡೆ ಹಿತ್ತಲಲ್ಲೇ ಈ ಮರ ಇರುವವರು ಉಳಿದ ಹಣ್ಣನ್ನು ಹಕ್ಕಿಗೆಂದು ಕತ್ತರಿಸಿಡಬಾರದು. ಹಸಿ ಅಕ್ಕಿ ಹಕ್ಕಿಯ ಹೊಟ್ಟೆಯಲ್ಲಿ ಉಬ್ಬಿ ಸಾಯಿಸುತ್ತದೆ ಎಂಬ ಮಾತು ಮಾತ್ರ ಸುಳ್ಳು, ನುಚ್ಚನ್ನು ಧೈರ್ಯವಾಗಿ ಹಾಕಬಹುದು.

ಎಷ್ಟು ಹಾಕಬೇಕು? ಬೆಳಿಗ್ಗೆ ಎರಡು ಹಿಡಿ, ಅಂದರೆ 100 ಗ್ರಾಂನಷ್ಟರಿಂದ ಶುರು ಮಾಡಿ. ಮಧ್ಯಾಹ್ನಕ್ಕೆ ಮುಗಿದರೆ ಸರಿಯಾದ ಅಳತೆ. ಸಂಜೆಗೂ ಉಳಿದರೆ ಮರುದಿನ ಕಡಿಮೆ ಹಾಕಿ. ಫೀಡರ್ ದೊಡ್ಡದಿದೆ ಎಂದು ಒಂದು ಕೆಜಿ ತುಂಬಿಸಿಡುವುದೇ ಅರ್ಧ ತೊಂದರೆಗೆ ಮೂಲ. ಸದಾ ಕಾಳು ಸಿಗುವ ಜಾಗವನ್ನು ಅಳಿಲು ದಿನಕ್ಕೆ ಹತ್ತು ಸಲ ಬಂದು ನೋಡುತ್ತದೆ, ರಾತ್ರಿ ಇಲಿ, ಹೆಗ್ಗಣಗಳೂ ಅದೇ ದಾರಿ ಹಿಡಿಯುತ್ತವೆ. ಕತ್ತಲಾಗುವ ಮೊದಲು ಉಳಿದ ಕಾಳನ್ನು ಒಳಗೆ ತೆಗೆದಿಡಿ.

ಕಂಬ ಮತ್ತು ಕೊಳವೆ

ಅಳಿಲನ್ನು ನಿಜವಾಗಿ ತಡೆಯುವುದು ಬಯಲಲ್ಲಿ ಒಂಟಿಯಾಗಿ ನಿಂತ ಕಂಬ ಮತ್ತು ಅದರ ಮೈಗೆ ತೊಡಿಸಿದ ದಪ್ಪ ಕೊಳವೆ. ತೆಂಗಿನ ಕಾಂಡಕ್ಕೆ ಇಲಿ ಹತ್ತದಿರಲೆಂದು ತಗಡು ಸುತ್ತುತ್ತಾರಲ್ಲ, ಇದರ ಹಿಂದಿರುವುದೂ ಅದೇ ಲೆಕ್ಕ. ಉಗುರು ನಾಟಲು ಒರಟು ಜಾಗ ಬೇಕು, ಇಲ್ಲವೇ ತೋಳಿನಿಂದ ತಬ್ಬಿಕೊಳ್ಳುವಷ್ಟು ಸಣ್ಣ ಕಂಬ ಬೇಕು. ಎರಡೂ ಇಲ್ಲದಿದ್ದರೆ ಅಳಿಲು ಹತ್ತಲಾರದು.

ಸಾಮಾನು ಎಲ್ಲವೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದು. ಒಂದು ಇಂಚಿನ ಜಿಐ ಪೈಪ್ 8 ಅಡಿ; ಆರು ಇಂಚಿನ, ಅಂದರೆ 160 ಮಿಲಿಮೀಟರ್ ಪಿವಿಸಿ ಡ್ರೈನೇಜ್ ಪೈಪ್ 2 ಅಡಿ; ಅದಕ್ಕೆ ಹೊಂದುವ ಎಂಡ್ ಕ್ಯಾಪ್ ಒಂದು; ಸ್ಟೀಲ್ ಹೋಸ್ ಕ್ಲಾಂಪ್ ಒಂದು. ಒಂದು ಇಂಚಿನ ಜಿಐ ಪೈಪಿನ ಹೊರ ಅಳತೆ ಸುಮಾರು 34 ಮಿಲಿಮೀಟರ್ ಇರುತ್ತದೆ, ಆದ್ದರಿಂದ ಕ್ಯಾಪಿನ ನಡುವೆ 36 ಮಿಲಿಮೀಟರ್ ತೂತು ಕೊರೆಸಬೇಕು. 25 ಮಿಲಿಮೀಟರ್ ಎಂದುಕೊಂಡು ಕೊರೆಸಿ, ಆಮೇಲೆ ಕತ್ತರಿಸಿ ದೊಡ್ಡದು ಮಾಡುವವರೇ ಹೆಚ್ಚು.

ಕಂಬವನ್ನು ಒಂದೂವರೆ ಅಡಿ ನೆಲದೊಳಗೆ ಕಾಂಕ್ರೀಟಿನಲ್ಲಿ ನಿಲ್ಲಿಸಿದರೆ ಮೇಲೆ ಆರೂವರೆ ಅಡಿ ಉಳಿಯುತ್ತದೆ. ನೆಲದಿಂದ ಐದು ಅಡಿ ಎತ್ತರದಲ್ಲಿ ಹೋಸ್ ಕ್ಲಾಂಪ್ ಬಿಗಿಯಿರಿ. ಕ್ಯಾಪು ಕೂಡಿಸಿದ ಪಿವಿಸಿ ಕೊಳವೆಯನ್ನು ಮೇಲಿನಿಂದ ಇಳಿಬಿಡಿ. ಕ್ಯಾಪು ಕ್ಲಾಂಪಿನ ಮೇಲೆ ಕೂರುತ್ತದೆ, ಕೊಳವೆಯ ಬಾಯಿ ಕೆಳಗೆ ಮೂರು ಅಡಿ ಎತ್ತರದಲ್ಲಿ ತೆರೆದಿರುತ್ತದೆ. ಮುಚ್ಚಿದ ತುದಿ ಮೇಲೆ, ತೆರೆದ ಬಾಯಿ ಕೆಳಗೆ: ಇದು ತಲೆಕೆಳಗಾದರೆ ಮಳೆನೀರು ತುಂಬುತ್ತದೆ, ಅಳಿಲಿಗೂ ಕ್ಯಾಪಿನ ಅಂಚು ಹಿಡಿಯಲು ಸಿಗುತ್ತದೆ. ಸರಿಯಾಗಿ ಇಟ್ಟಾಗ ಅಳಿಲು ಕಂಬ ಹತ್ತಿ ಕೊಳವೆಯೊಳಗೆ ಹೋಗಿ, ಮೇಲೆ ದಾರಿಯಿಲ್ಲದೆ ಇಳಿದು ಬರುತ್ತದೆ. ಹೊರಮೈ ನುಣುಪು, ಅದಕ್ಕೆ ತಬ್ಬಲು ಸಾಧ್ಯವಾಗದಷ್ಟು ದಪ್ಪ. ಕೊಳವೆಯನ್ನು ಕ್ಲಾಂಪಿಗೆ ಅಂಟಿಸಬೇಡಿ. ಸ್ವಲ್ಪ ಓಲಾಡುತ್ತಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ಇಂಚಿನ ಪೈಪಿನಲ್ಲೇ ಮುಗಿಸಬಹುದೇ ಎಂದು ಕೇಳುವವರಿದ್ದಾರೆ. ಹಣ ಉಳಿಯುತ್ತದೆ, ಆದರೆ ಸಣ್ಣ ಸುತ್ತಳತೆ ಅಳಿಲಿಗೆ ಅನುಕೂಲ. ಆರು ಇಂಚಿನದನ್ನೇ ಹಾಕಿ.

ಪಿವಿಸಿಗೆ ಒಂದು ದೋಷವಿದೆ. ಬಿಸಿಲಿಗೆ ಒಂದೆರಡು ವರ್ಷ ಬಿದ್ದರೆ ಅದರ ಮೈ ಸುಣ್ಣದಂತೆ ಪುಡಿಗಟ್ಟಿ ಒರಟಾಗುತ್ತದೆ. ಇಷ್ಟು ದಿನ ತಡೆದಿದ್ದು ಈಗ ಯಾಕೆ ತಡೆಯುತ್ತಿಲ್ಲ ಎಂದು ಕೇಳುವವರ ಕೊಳವೆಯ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ಕೊಳವೆ ಬದಲಿಸಿ, ಇಲ್ಲವೇ ತೆಳು ಅಲ್ಯುಮಿನಿಯಂ ತಗಡನ್ನು ಸುತ್ತ ಹೊದಿಸಿ.

ಕಂಬ ಎಷ್ಟೇ ಚೆನ್ನಾಗಿರಲಿ, ಪಕ್ಕದ ಗೋಡೆಯಿಂದ ನೆಗೆಯಲು ಬಂದರೆ ಎಲ್ಲವೂ ವ್ಯರ್ಥ. ಅಮೆರಿಕದಲ್ಲಿ 5-7-9 ಎಂಬ ಲೆಕ್ಕ ಚಾಲ್ತಿಯಲ್ಲಿದೆ: ಫೀಡರ್ ನೆಲದಿಂದ 5 ಅಡಿ ಮೇಲಿರಬೇಕು, ಅಕ್ಕಪಕ್ಕದ ಗೋಡೆ ಮರಗಳಿಂದ 7 ಅಡಿ ದೂರವಿರಬೇಕು, ತಲೆಯ ಮೇಲಿನ ಕೊಂಬೆಯಿಂದ 9 ಅಡಿ ಕೆಳಗಿರಬೇಕು. ಬೂದು ಅಳಿಲಿನ ನೆಗೆತಕ್ಕೆ ಹಾಕಿದ ಲೆಕ್ಕ ಇದು. ನಮ್ಮ ಸಣ್ಣ ಅಳಿಲಿಗೆ ಅಷ್ಟು ಕಾಪಾಡಿಕೊಂಡರೆ ಸಾಕಷ್ಟಾಯಿತು. ಅಳೆಯುವಾಗ ಗೋಡೆ, ಮರಗಳನ್ನಷ್ಟೇ ನೋಡಿದರೆ ಸಾಲದು. ಬಟ್ಟೆ ಒಣಹಾಕುವ ತಂತಿ, ಕೇಬಲ್, ಇಂಟರ್ನೆಟ್ಟಿನ ವೈರು, ಮಳೆನೀರಿನ ಪೈಪು, ಮೇಲ್ಮಹಡಿಯ ಸಜ್ಜೆ ಎಲ್ಲವೂ ಅಳಿಲಿಗೆ ದಾರಿಯೇ.

ಬೆಂಗಳೂರಿನ 30×40 ಸೈಟಿನಲ್ಲಿ ಸುತ್ತಲೂ ಏಳು ಅಡಿ ಬಯಲು ಎಲ್ಲಿಂದ ತರುವುದು? ಅಲ್ಲಿ ತಾರಸಿಯೇ ಗತಿ, ಮತ್ತು ಅದು ಕೆಟ್ಟ ಜಾಗವೇನೂ ಅಲ್ಲ. 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿನ ನಡುವೆ ಪೈಪು ನಿಲ್ಲಿಸಿ ಕಾಂಕ್ರೀಟು ತುಂಬಿ. ಒಣಗಿದ ಮೇಲೆ ಸುಮಾರು 45 ಕೆಜಿ ತೂಗುತ್ತದೆ, ಆಷಾಢದ ಗಾಳಿಗೂ ಬೀಳುವುದಿಲ್ಲ. ಅಷ್ಟು ಭಾರವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದು ಬೇಡ, ಮೇಲೆಯೇ ಕಲಸಿ ಹಾಕಿ. ನೀರಿನ ಟ್ಯಾಂಕು, ಮುಂದಿನ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳು, ಪ್ಯಾರಪೆಟ್ ಗೋಡೆ ಇವುಗಳಿಂದ ದೂರವಿಡಿ.

ಇಲ್ಲೊಂದು ಇಕ್ಕಟ್ಟಿದೆ. ಪೂರ್ತಿ ಬಯಲಲ್ಲಿ ಇಟ್ಟ ಫೀಡರಿಗೆ ಸಣ್ಣ ಹಕ್ಕಿಗಳು ಬರಲು ಹೆದರುತ್ತವೆ. ಬಿಜ್ಜು ಎಂಬ ಸಣ್ಣ ಗಿಡುಗ, ಕಾಗೆ, ಬೆಕ್ಕು ಕಂಡಾಗ ಹಾರಿ ಅಡಗಲು ಪೊದೆ ಬೇಕು. ಆದರೆ ಎತ್ತರದ ಗಿಡ ಹತ್ತಿರವಿದ್ದರೆ ಅದೇ ಅಳಿಲಿನ ಜಿಗಿಹಲಗೆ. ಎಂಟು ಅಡಿ ದೂರದಲ್ಲಿ ಎರಡು ಮೂರು ಅಡಿ ಎತ್ತರದ ದಟ್ಟ ಗಿಡಗಳನ್ನು, ದಾಸವಾಳವನ್ನೋ ಕೇಪಳವನ್ನೋ ಸವರಿ ಕುಳ್ಳಗೆ ಉಳಿಸಿಕೊಂಡರೆ ಎರಡೂ ಕಡೆ ಹೊಂದುತ್ತದೆ. ದೊಡ್ಡ ಗಾಜಿನ ಕಿಟಕಿ ಇದ್ದರೆ ಇನ್ನೊಂದು ಅಳತೆ ಗಮನಿಸಿ: ಫೀಡರ್ ಗಾಜಿನಿಂದ ಮೂರು ಅಡಿಯೊಳಗೇ ಇರಬೇಕು, ಇಲ್ಲವೇ ಮೂವತ್ತು ಅಡಿಯಾಚೆ ಇರಬೇಕು. ನಡುವಿನ ದೂರದಲ್ಲಿದ್ದರೆ ಬೆದರಿ ಹಾರಿದ ಹಕ್ಕಿ ಪೂರ್ತಿ ವೇಗದಲ್ಲಿ ಗಾಜಿಗೆ ಬಡಿದು ಸಾಯುತ್ತದೆ.

ತೂಗುಹಾಕುವುದಾದರೆ

ಮರದ ಕೊಂಬೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಫೀಡರ್ ನೋಡಲು ಚೆಂದ, ಉಳಿಯುವುದು ಕಷ್ಟ. ಅಳಿಲಿನ ಹಿಂಗಾಲಿನ ಪಾದ ಹಿಂದಕ್ಕೆ ತಿರುಗಬಲ್ಲದು. ಅದಕ್ಕೇ ಅದು ತಲೆ ಕೆಳಗಾಗಿ ಮರ ಇಳಿಯುವುದು, ಹಿಂಗಾಲಲ್ಲಿ ನೇತಾಡುತ್ತ ಮುಂಗಾಲಲ್ಲಿ ಕಾಳು ತೆಗೆಯುವುದು. ಹಗ್ಗ ನೈಲಾನಿನದಾದರೆ ಕಡಿದೇ ಹಾಕುತ್ತದೆ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು. ಪ್ಲಾಸ್ಟಿಕ್ ಬಾಟಲಿಯ ಫೀಡರ್‌ಗಳ ಕಿಂಡಿ ವಾರದಲ್ಲಿ ಎರಡರಷ್ಟಾಗುವುದೂ ಇದರಿಂದಲೇ. ಕಿಂಡಿಯ ಸುತ್ತ ತಗಡಿನ ಬಳೆ ಬಿಗಿದರೆ ಉಳಿಯುತ್ತದೆ.

ಎರಡು ಗೂಟಗಳ ನಡುವೆ ಅಡ್ಡ ತಂತಿ ಎಳೆದು ನಡುವೆ ತೂಗುಹಾಕುವುದು ಇದಕ್ಕಿಂತ ವಾಸಿ. 14 ಗೇಜಿನ ಜಿಐ ತಂತಿ, ಉದ್ದ ಕನಿಷ್ಠ 14 ಅಡಿ. ತಂತಿಗೆ ಎರಡೂ ಬದಿಯಲ್ಲಿ ಎರಡು ಇಂಚಿನ ಪಿವಿಸಿ ಪೈಪಿನ ಎರಡೆರಡು ಅಡಿ ತುಂಡುಗಳನ್ನು ಪೋಣಿಸಿ. ಪೈಪಿನ ಎರಡೂ ತುದಿಗೆ ಕ್ಯಾಪು ಹಾಕಿ, ಕ್ಯಾಪಿನ ನಡುಮಧ್ಯದಲ್ಲಿ 4 ಮಿಲಿಮೀಟರ್ ತೂತು ಕೊರೆದು ಅದರ ಮೂಲಕ ತಂತಿ ಹಾಯಿಸಬೇಕು. ಆಗ ಪೈಪು ತಂತಿಯ ಮೇಲೆ ಗಿರ್ರನೆ ತಿರುಗುತ್ತದೆ, ಕಾಲಿಟ್ಟ ಅಳಿಲು ಕೆಳಗೆ ಬೀಳುತ್ತದೆ. ನೂರು ಗ್ರಾಂ ಪ್ರಾಣಿಗೆ ಆರೇಳು ಅಡಿಯಿಂದ ಬಿದ್ದರೆ ಏನೂ ಆಗುವುದಿಲ್ಲ. ಕ್ಯಾಪು ಹಾಕದೆ ಬರಿ ಪೈಪು ಪೋಣಿಸಿದರೆ ಅದು ತಂತಿಯ ಮೇಲೆ ಜೋತು ಬಿದ್ದು, ನಮ್ಮ ಹಗುರ ಅಳಿಲಿಗೆ ತಿರುಗುವುದೇ ಇಲ್ಲ. ಈ ಉಪಾಯ ನಡೆಯಲಿಲ್ಲ ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ತಪ್ಪಿರುವುದು ಇಲ್ಲಿಯೇ.

ಮೇಲಿನ ಒಂದೇ ಕೊಕ್ಕೆಯಿಂದ ತೂಗುಹಾಕಲೇಬೇಕಾದರೆ ಫೀಡರಿನ ಮೇಲೆ ಕೊಡೆಯಂತೆ ಸ್ಟೀಲ್ ಬೋಗುಣಿಯನ್ನು ಕವುಚಿಹಾಕಿ. ಹಿಂಗಾಲಿನಲ್ಲಿ ಅಂಚು ಹಿಡಿದು ನೇತಾಡುವ ಅಳಿಲಿನ ಬಾಯಿ ಸುಮಾರು ಎಂಟು ಇಂಚು ಕೆಳಗೆ, ಒಳಗೆ ಎಟುಕುತ್ತದೆ. ಹಾಗಾಗಿ ಬೋಗುಣಿ 18 ಇಂಚು ಅಗಲಕ್ಕಿಂತ ಕಡಿಮೆಯಿದ್ದರೆ ಪ್ರಯೋಜನವಿಲ್ಲ. ತಳ ಗುಂಡಗಿರುವುದನ್ನೇ ಆರಿಸಿ, ಚಪ್ಪಟೆ ತಳವಿದ್ದರೆ ಅಳಿಲಿಗೆ ಕೂರಲು ಜಾಗ ಸಿಗುತ್ತದೆ. ನಡುವೆ ತೂತು ಮಾಡಿ ಒಂದೇ ತಂತಿಯಲ್ಲಿ ಸಡಿಲವಾಗಿ ನಿಲ್ಲಿಸಿದರೆ ಕಾಲಿಟ್ಟ ಕಡೆಗೆ ವಾಲುತ್ತದೆ. ಮಳೆಯೂ ಕಾಳಿನ ಮೇಲೆ ಬೀಳುವುದಿಲ್ಲ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕದಿರು ಕಟ್ಟುವ ಹಬ್ಬದ ಭತ್ತದ ತೆನೆಯನ್ನು ಗುಬ್ಬಿಗಳು ಹುಡುಕಿಕೊಂಡು ಬರುತ್ತವೆ. ಫೀಡರಿಗಿಂತ ಇದು ಎಷ್ಟೋ ಮೇಲು ಎನ್ನಬೇಕು. ತೆನೆಯ ಗೊಂಚಲನ್ನು ತೆಳು ತಂತಿಯಲ್ಲಿ ಜಗಲಿಯ ಮಾಡಿನಿಂದ ಎರಡು ಅಡಿ ಕೆಳಗೆ, ಕಂಬಗಳಿಂದ ದೂರ ಇಳಿಬಿಟ್ಟರೆ ಗುಬ್ಬಿ, ರಾಟವಾಳ ಅದಕ್ಕೇ ಜೋತುಬಿದ್ದು ತಿನ್ನುತ್ತವೆ. ಪಾರಿವಾಳಕ್ಕೆ ಅಲ್ಲಿ ಕೂರಲಾಗದು. ಮಲೆನಾಡಿನಲ್ಲಿ ಒಂದೂವರೆ ಕೆಜಿಯನ್ನೂ ಮೀರುವ ಕೆಂದಳಿಲು ಮತ್ತು ಮಂಗಗಳೂ ಇವೆ ಎಂಬುದನ್ನು ಮರೆಯಬಾರದು. ಮಂಗ ಕಂಡ ಊರಿನಲ್ಲಿ ಕಾಳಿನ ಫೀಡರ್ ಇಡದಿರುವುದೇ ಲೇಸು. ನೀರು ಮತ್ತು ಹೂಗಿಡಗಳು ಸಾಕು.

ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಸುಲಭದ ದಾರಿ ಕಿಟಕಿ ಗಾಜಿಗೆ ಸಕ್ಷನ್ ಕಪ್ಪಿನಿಂದ ಅಂಟಿಸುವ ಸಣ್ಣ ಫೀಡರ್. ಗಾಜಿನ ಮೇಲೆ ಅಳಿಲು ನಿಲ್ಲಲಾರದು. ಆದರೆ ಕಿಟಕಿಯ ಗ್ರಿಲ್ಲಿಗೆ ಹತ್ತಿರ ಅಂಟಿಸಿದರೆ ಗ್ರಿಲ್ಲೇ ಏಣಿಯಾಗುತ್ತದೆ. ಕೆಳಗಿನ ಮನೆಯವರ ಬಾಲ್ಕನಿಗೆ ಹೊಟ್ಟು ಬೀಳದಂತೆ ತಟ್ಟೆ ಕಟ್ಟಿ. ಪಾರಿವಾಳ ಸೇರಿಕೊಂಡರೆ ಕಾಳು ಹಾಕುವುದನ್ನು ನಿಲ್ಲಿಸಿಬಿಡಿ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ನಿಜವಾಗಿಯೂ ಕೇಡು, ಅಕ್ಕಪಕ್ಕದಲ್ಲಿ ದಮ್ಮಿನವರಿದ್ದರಂತೂ ಇನ್ನೂ ಹೆಚ್ಚು.

ಮೆಣಸಿನ ಪುಡಿಯ ವಿಚಾರ

ಕಾಳಿಗೆ ಖಾರದ ಪುಡಿ ಕಲಸಿದರೆ ಅಳಿಲು ಬರುವುದಿಲ್ಲ, ಹಕ್ಕಿಗೆ ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ಇದು ವಿಜ್ಞಾನದ ಮಟ್ಟಿಗೆ ನಿಜ. ಮೆಣಸಿನ ಕ್ಯಾಪ್ಸೈಸಿನ್ ನಮ್ಮ ಬಾಯಲ್ಲಿ ಉರಿ ಹುಟ್ಟಿಸುವುದು ನರಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕದ ಮೂಲಕ. ಡೇವಿಡ್ ಜೂಲಿಯಸ್ ಅವರ ತಂಡ ಅದನ್ನು 1997ರಲ್ಲಿ ಗುರುತಿಸಿತು, 2021ರ ನೊಬೆಲ್ ಅವರಿಗೆ ಬಂದದ್ದು ಈ ಬಗೆಯ ಕೆಲಸಕ್ಕೇ. ಅದೇ ಗ್ರಾಹಕ ಹಕ್ಕಿಗಳಲ್ಲೂ ಇದೆ, ಆದರೆ ಅವುಗಳದ್ದು ಕ್ಯಾಪ್ಸೈಸಿನ್‌ಗೆ ಮಿಡಿಯುವುದಿಲ್ಲ. ಗಿಳಿ ಹಸಿ ಮೆಣಸಿನಕಾಯಿಯನ್ನು ಖುಷಿಯಿಂದ ತಿನ್ನುವುದು, ಸೂಜಿಮೆಣಸಿನ ಗಿಡ ಬೇಲಿಯುದ್ದಕ್ಕೂ ಹಕ್ಕಿಗಳಿಂದಲೇ ಹರಡುವುದು ಇದರಿಂದ.

ಮಾಡುವುದಾದರೆ ಬ್ಯಾಡಗಿ ಪುಡಿ ಬೇಡ; ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಅಥವಾ ಸೂಜಿಮೆಣಸು ಬೇಕು. ಒಣಪುಡಿ ಕಾಳಿನ ತಳಕ್ಕೆ ಇಳಿದುಬಿಡುತ್ತದೆ, ಗಾಳಿಗೆ ಹಾರಿ ಹಾಕುವವರ ಕಣ್ಣಿಗೂ ಹಕ್ಕಿಯ ಕಣ್ಣಿಗೂ ಬೀಳುತ್ತದೆ. ಎಣ್ಣೆಯಲ್ಲಿ ಕಲಸಿದರೆ ಅಂಟಿಕೊಳ್ಳುತ್ತದೆ, ಆದರೆ ನಮ್ಮ ಬೇಸಿಗೆಯಲ್ಲಿ ಎಣ್ಣೆ ಹಿಡಿದ ಕಾಳು ನಾಲ್ಕು ದಿನಕ್ಕೆ ಕಮಟು ಹಿಡಿಯುತ್ತದೆ. ಉರಿಗಣ್ಣಲ್ಲಿ ಒದ್ದಾಡುವ ಅಳಿಲನ್ನು ನೋಡಿ ಯಾರಿಗೂ ಸಂತೋಷವಾಗದು. ಕಂಬವೂ ಅಂತರವೂ ಸರಿಯಿದ್ದರೆ ಇದರ ಅಗತ್ಯವೇ ಬೀಳುವುದಿಲ್ಲ.

ಕಂಬಕ್ಕೆ ಗ್ರೀಸು, ಹರಳೆಣ್ಣೆ ಬಳಿಯುವುದನ್ನು ಖಂಡಿತ ಮಾಡಬೇಡಿ. ಅದು ಅಳಿಲಿನ ತುಪ್ಪಳಕ್ಕೂ ಹಕ್ಕಿಯ ಗರಿಗೂ ಮೆತ್ತುತ್ತದೆ. ಎಣ್ಣೆ ಮೆತ್ತಿದ ಗರಿ ಮಳೆ, ಚಳಿ ಎರಡನ್ನೂ ತಡೆಯದು. ಇಲಿಗೆಂದು ಮಾರುವ ಅಂಟಿನ ಹಲಗೆಯನ್ನು ಫೀಡರಿನ ಹತ್ತಿರ ಇಟ್ಟರೆ ಮೊದಲು ಸಿಕ್ಕಿಬೀಳುವುದು ಗುಬ್ಬಿಯೇ. ಅಳಿಲಿಗೆ ಬೇರೆ ಕಡೆ ಕಡಲೆಕಾಯಿ ಇಟ್ಟು ಸಮಾಧಾನ ಮಾಡುವ ಸಲಹೆಯೂ ಒಳ್ಳೆಯದಲ್ಲ. ಸುಮಾರು ಐದು ವಾರದ ಗರ್ಭ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸೂಲು. ಧಾರಾಳ ಊಟ ಸಿಕ್ಕಿದ ಕಡೆ ಅವುಗಳ ಸಂಖ್ಯೆ ಬೇಗ ಏರುತ್ತದೆ.

ನೀರಿಗೆ ಅಳಿಲಿನ ಚಿಂತೆಯಿಲ್ಲ

ಕಾಳಿಗೆ ಬರುವುದು ಬೆರಳೆಣಿಕೆಯ ಜಾತಿಯ ಹಕ್ಕಿಗಳು. ನೀರಿಗೆ ಎಲ್ಲವೂ ಬರುತ್ತವೆ: ಸೂರಕ್ಕಿ, ಟುವ್ವಿ, ಮಡಿವಾಳ, ಕುಟ್ರು, ಹರಟೆಮಲ್ಲ. ಫೆಬ್ರವರಿಯಿಂದ ಮೇ ತನಕ ಕಾಳಿಗಿಂತ ನೀರು ಮುಖ್ಯ. ಅಳಿಲು ಕುಡಿದು ಹೋದರೆ ನಷ್ಟವೂ ಇಲ್ಲ. ಹನ್ನೆರಡು ಇಂಚು ಅಗಲದ ಮಣ್ಣಿನ ತಟ್ಟೆ, ನಡುವೆ ಒಂದೂವರೆ ಇಂಚಿಗಿಂತ ಹೆಚ್ಚು ಆಳ ಬೇಡ, ಒಳಗೊಂದು ಒರಟು ಕಲ್ಲು. ಆಳವಾದ ಬಕೆಟ್ಟು, ನುಣುಪಾದ ಸ್ಟೀಲ್ ಪಾತ್ರೆಗಳಲ್ಲಿ ಮರಿಹಕ್ಕಿಗಳು ಮುಳುಗುತ್ತವೆ. ದಿನಾ ನೀರು ಬದಲಿಸುವಾಗ ತಟ್ಟೆಯ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನಂಚಿನ ಗೋಡೆಗೆ. ನೀರು ಚೆಲ್ಲಿದರೂ ಅವು ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತವೆ.

ಗುಬ್ಬಿ ಮರಿಗಳು ಬೆಳೆಯುವುದು ಹುಳುಹುಪ್ಪಟೆಗಳಿಂದಲೇ ಹೊರತು ಕಾಳಿನಿಂದಲ್ಲ. ಗಿಡಗಳಿಗೆ ಕೀಟನಾಶಕ ಹೊಡೆದು ಪಕ್ಕದಲ್ಲೇ ಫೀಡರ್ ಇಟ್ಟರೆ ದೊಡ್ಡ ಹಕ್ಕಿ ಉಂಡು, ಮರಿ ಹಸಿದಿರುತ್ತದೆ. ಸೂರಕ್ಕಿಗೆ ಸಕ್ಕರೆ ನೀರಿನ ಬಾಟಲಿ ಬೇಕಿಲ್ಲ. ನಮ್ಮ ಸೆಕೆಗೆ ಅದು ಒಂದೇ ದಿನಕ್ಕೆ ಹುಳಿಯುತ್ತದೆ. ದಾಸವಾಳ, ಕೇಪಳ ಇದ್ದರೆ ತಾನೇ ಬರುತ್ತದೆ.

ಮಳೆಗಾಲ ಮತ್ತು ಶುಚಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಹುಲ್ಲಿನ ಬೀಜ, ಹುಳು ಎಲ್ಲೆಡೆ ಸಿಗುತ್ತವೆ. ಮಳೆ ಜಾಸ್ತಿಯಿರುವ ಕಡೆ ಆಗ ಕಾಳು ನಿಲ್ಲಿಸುವುದೇ ಸರಿ. ಇಡುವುದಾದರೆ ಅರ್ಧ ದಿನಕ್ಕೆ ಮುಗಿಯುವಷ್ಟು ಮಾತ್ರ. ತೇವದಲ್ಲಿ ಕೂತ ಜೋಳ, ಕಡಲೆಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ. ಮುದ್ದೆಗಟ್ಟಿದ, ಹಸಿರು ತಿರುಗಿದ ಕಾಳನ್ನು ತೊಳೆದು ಒಣಗಿಸಿ ಮತ್ತೆ ಹಾಕಬೇಡಿ. ಮಣ್ಣಿನಲ್ಲಿ ಹೂತುಬಿಡಿ.

ಹದಿನೈದು ದಿನಕ್ಕೊಮ್ಮೆ ಫೀಡರನ್ನು ಬಿಚ್ಚಿ, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ, ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಎಂಬ ತೋಟದ ಹಕ್ಕಿ ಟ್ರೈಕೊಮೊನೋಸಿಸ್ ರೋಗದಿಂದ ಭಾರಿ ಸಂಖ್ಯೆಯಲ್ಲಿ ಸತ್ತಿದೆ. ರೋಗದ ಹಕ್ಕಿಯ ಜೊಲ್ಲು ಬಿದ್ದ ಕಾಳು, ನೀರಿನ ಮೂಲಕ ಅದು ಹರಡುತ್ತದೆ; ಬೇರೆಬೇರೆ ಹಕ್ಕಿಗಳನ್ನು ಒಂದೇ ಬಟ್ಟಲಿಗೆ ಕರೆಯುವ ಫೀಡರ್ ಅದಕ್ಕೆ ದಾರಿಯಾಗುತ್ತದೆ. ಗರಿ ಕೆದರಿಕೊಂಡು, ನುಂಗಲಾರದೆ, ಹತ್ತಿರ ಹೋದರೂ ಹಾರದೆ ಕೂತ ಹಕ್ಕಿ ಕಂಡರೆ ಎರಡು ವಾರ ಎಲ್ಲವನ್ನೂ ಎತ್ತಿಟ್ಟು ಹಕ್ಕಿಗಳು ಚದುರಲು ಬಿಡಿ.

ನ್ಯೂಜೆರ್ಸಿ, ಡಲ್ಲಾಸ್, ಲಂಡನ್‌ಗಳಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಬೂದು ಅಳಿಲು 1876ರಲ್ಲಿ ಇಂಗ್ಲೆಂಡಿಗೂ ಹೋಗಿ ನೆಲೆಯಾಗಿದೆ. ಅಲ್ಲಿ ತೂಕದ ಫೀಡರ್, ಪಂಜರದ ಫೀಡರ್ ಎರಡೂ ಕೆಲಸ ಮಾಡುತ್ತವೆ. ಕಂಬದ ಕೊಳವೆ ಮಾತ್ರ 8 ಇಂಚು ದಪ್ಪ ಇರಲಿ, 5-7-9 ಲೆಕ್ಕದಲ್ಲಿ ಒಂದು ಅಡಿಯೂ ಬಿಡಬೇಡಿ. ನ್ಯೂಜೆರ್ಸಿಯ ಉತ್ತರ ಭಾಗದಂಥ ಕರಡಿಯ ಸೀಮೆಯಲ್ಲಿ ಮಾರ್ಚ್ ಹೊತ್ತಿಗೆ ಫೀಡರ್ ಇಳಿಸಿ, ಚಳಿಗಾಲಕ್ಕೆ ಮತ್ತೆ ಏರಿಸುವುದು ವಾಡಿಕೆ.

ಎಲ್ಲ ಸರಿಯಿದ್ದೂ ಅಳಿಲು ಕಾಣಿಸಿಕೊಂಡರೆ ಫೀಡರನ್ನು ಬದಲಿಸಲು ಹೋಗಬೇಡಿ. ಅರ್ಧ ಗಂಟೆ ಕೂತು ಅದು ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ. ಕಂಬ ಹತ್ತಿ ಬಂದರೆ ಕೊಳವೆ ಒರಟಾಗಿದೆ, ಇಲ್ಲವೇ ಕ್ಲಾಂಪ್ ಜಾರಿ ಕೆಳಗಿಳಿದಿದೆ. ಹಾರಿ ಬಂದರೆ ಕೊಂಬೆಯೋ ಹೊಸ ಕೇಬಲ್ಲೋ ಹತ್ತಿರವಾಗಿದೆ. ಹತ್ತದೆ, ಹಾರದೆ ಬರಿ ಕೆಳಗೆ ಸುಳಿದಾಡುತ್ತಿದ್ದರೆ ಕಾಳು ಚೆಲ್ಲುತ್ತಿದೆ. ಬಟ್ಟಲಿನ ಅಂಚನ್ನು ಅರ್ಧ ಇಂಚು ಎತ್ತರಿಸಿ, ಅಳತೆ ಕಡಿಮೆ ಮಾಡಿ. ನುಗ್ಗೆ, ಸಂಪಿಗೆ, ಸೀಬೆ ಮಳೆಗಾಲವೊಂದರಲ್ಲಿ ಮೂರು ನಾಲ್ಕು ಅಡಿ ಚಾಚಿಕೊಳ್ಳುತ್ತವೆ. ದಸರೆಯ ಹೊತ್ತಿಗೆ ಒಮ್ಮೆ ಟೇಪು ಹಿಡಿದು ಸುತ್ತಲಿನ ಏಳು ಅಡಿಯನ್ನು ಮತ್ತೆ ಅಳೆದು, ಚಾಚಿದ ರೆಂಬೆಗಳನ್ನು ಅವುಗಳಲ್ಲಿ ಗೂಡಿಲ್ಲವೆಂದು ನೋಡಿಕೊಂಡು ಸವರಿ.